ಮನೆಗೊಂದು ಜೊತೆಯಿಂದ ತಲೆಗೊಂದು ಜೊತೆವರೆಗೆ: ಸ್ನೋ ಬೂಟಿನ ಕಥೆ

ಭಾಗ 1/10: ಐದು ಜೊತೆ ಲೆಕ್ಕ

ನಮ್ಮ ಕಡೆಯಿಂದ ಪ್ರತಿ ವರ್ಷ ಎಷ್ಟೋ ಮನೆಯವರು ಕೆನಡಾ, ಅಮೆರಿಕ, ಜರ್ಮನಿ ಅಂತ ಹೋಗಿ ಇಳೀತಾರೆ. ಮೊದಲ ಚಳಿಗಾಲ ಬರೋ ಹೊತ್ತಿಗೆ ಒಂದು ಖರ್ಚು ಎದುರಿಗೆ ನಿಲ್ಲುತ್ತೆ. ಮನೆಮಂದಿಗೆಲ್ಲ ಸ್ನೋ ಬೂಟು! ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಆರು ತಿಂಗಳಿಗೆ ಅಂತ ಊರಿಂದ ಬಂದ ಅಜ್ಜಿ. ಒಟ್ಟು ಐದು ಜೊತೆ. ಅಂಗಡಿಗೆ ಹೋದರೆ ಮೂರು ಸಾಲು: ಗಂಡಸರದ್ದು, ಹೆಂಗಸರದ್ದು, ಮಕ್ಕಳದ್ದು. ಸೈಜ್ ನೋಡು, ಬಣ್ಣ ನೋಡು, ರೇಟ್ ನೋಡು, ಬಿಲ್ ಮಾಡಿಸು.

ಆದರೆ ಹಿಮದ ನಾಡಿನಲ್ಲೇ ಹುಟ್ಟಿ ಬೆಳೆದ ಜನ ತಲತಲಾಂತರದಿಂದ ಬೂಟಿನ ಬಗ್ಗೆ ಕೇಳುತ್ತಿದ್ದ ಪ್ರಶ್ನೆಯೇ ಬೇರೆ. ಇವತ್ತು ಹೊರಗೆ ಹೋಗೋದು ಯಾರು? ಎಷ್ಟು ಹೊತ್ತು? ಹೋದಲ್ಲಿ ನಡೀತಾನೇ ಇರ್ತಾರಾ, ಒಂದೇ ಕಡೆ ನಿಲ್ತಾರಾ? ನೆಲ ಒಣಗಿದೆಯಾ, ಒದ್ದೆಯಾ? ಈ ಸರಣಿ ಪೂರ್ತಿ ಈ ಪ್ರಶ್ನೆಗಳ ಕಥೆ.

ಮೊದಲು ಒಂದು ಸಣ್ಣ ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಬೂಟು ಕಾಲನ್ನು ಬಿಸಿ ಮಾಡಲ್ಲ. ಬಿಸಿ ಹುಟ್ಟೋದು ನಮ್ಮ ಮೈಯಲ್ಲಿ. ಬೂಟು ಅದನ್ನು ಹೊರಗೆ ಬಿಡದೆ ಹಿಡಿದಿಡುತ್ತೆ, ಅಷ್ಟೇ. ಹಿಡಿದಿಡೋದು ಒಳಗೆ ಅಲುಗಾಡದೆ ನಿಂತ ಗಾಳಿ. ಆ ಗಾಳಿಯ ಜಾಗಕ್ಕೆ ನೀರು ಬಂತು ಅಂದರೆ ಆಟ ಮುಗೀತು. ಆ ನೀರು ಹಿಮದ್ದೂ ಆಗಿರಬಹುದು, ನಮ್ಮದೇ ಬೆವರೂ ಆಗಿರಬಹುದು.

ಭಾಗ 2/10: ಎಲ್ಲರ ಬೂಟನ್ನೂ ಹೊಲಿದವಳು

ಉತ್ತರ ಧ್ರುವದ ಹತ್ತಿರದ ಕೆನಡಾ, ಗ್ರೀನ್‌ಲ್ಯಾಂಡ್ ಭಾಗದಲ್ಲಿ ಇನುಯಿಟ್ ಜನ ಇದ್ದಾರೆ. ಅವರ ಬೂಟಿನ ಹೆಸರು ಕಾಮಿಕ್. ಅಂಗಡಿ ಇಲ್ಲ, ಕಾರ್ಖಾನೆ ಇಲ್ಲದ ಕಾಲದಲ್ಲಿ ಇಡೀ ಮನೆಯ ಬೂಟು ಮನೆಯ ಹೆಂಗಸರ ಕೈಯಲ್ಲೇ ತಯಾರಾಗುತ್ತಿತ್ತು. ಗಂಡನದ್ದು, ಮಕ್ಕಳದ್ದು, ವಯಸ್ಸಾದವರದ್ದು, ತನ್ನದು, ಎಲ್ಲವೂ.

ಒದ್ದೆ ಜಾಗಕ್ಕೆ ಸೀಲ್ ಪ್ರಾಣಿಯ ಚರ್ಮ, ಯಾಕಂದ್ರೆ ಅದು ನೀರನ್ನು ತಡೆಯುತ್ತೆ. ಒಣ ಚಳಿಗೆ ಕ್ಯಾರಿಬೂ ಜಿಂಕೆಯ ಚರ್ಮ, ಯಾಕಂದ್ರೆ ಅದರ ಕೂದಲಿನ ಒಳಗೇ ಗಾಳಿ ತುಂಬಿರುತ್ತೆ. ಅಂದರೆ ಯಾವ ಕೆಲಸಕ್ಕೆ, ಯಾವ ಋತುವಿಗೆ ಅಂತ ನೋಡಿಯೇ ಚರ್ಮ ಆರಿಸುತ್ತಿದ್ದರು.

ನಿಜವಾದ ಜಾಣತನ ಇರೋದು ಹೊಲಿಗೆಯಲ್ಲಿ. ಸೂಜಿ ಚರ್ಮದ ಆಚೆ ಬದಿಗೆ ಪೂರ್ತಿ ಹೊರಗೆ ಬರಬಾರದು, ಅರ್ಧ ದಪ್ಪದಲ್ಲೇ ತಿರುಗಿ ವಾಪಸ್ ಬರಬೇಕು. ತೂತೇ ಬೀಳದಿದ್ದ ಮೇಲೆ ನೀರು ಎಲ್ಲಿಂದ ಬರಬೇಕು? ದಾರವೂ ಪ್ರಾಣಿಯ ಸ್ನಾಯುವಿನದ್ದು. ಒದ್ದೆಯಾದರೆ ಉಬ್ಬಿ, ಹೊಲಿಗೆ ಇನ್ನೂ ಬಿಗಿಯಾಗುತ್ತೆ. ಗಟ್ಟಿಯಾದ ಅಟ್ಟೆಯ ಚರ್ಮವನ್ನು ಹಲ್ಲಿನಿಂದ ಅಗಿದು ಮೆತ್ತಗೆ ಮಾಡುತ್ತಿದ್ದರು.

ಈ ಕೆಲಸಕ್ಕೆ ಎಷ್ಟು ಬೆಲೆ ಅಂತ ಯೋಚಿಸಿ. ಹೊಲಿಗೆ ಬಿಟ್ಟರೆ ಬೇಟೆಗಾರನ ಕಾಲು ಒದ್ದೆ. ಕಾಲು ಒದ್ದೆಯಾದರೆ ಬೇಟೆ ಇಲ್ಲ. ಬೇಟೆ ಇಲ್ಲದಿದ್ದರೆ ಮನೆಗೆಲ್ಲ ಊಟ ಇಲ್ಲ. ನಮ್ಮ ಕಾಸ್ಟಿಂಗ್ ಪುಸ್ತಕದಲ್ಲಿ ಹೀಗೆ ಮನೆಯಲ್ಲಿ ಮಾಡೋ ಕೆಲಸಕ್ಕೆ ಒಂದು ಕಾಲಂ ಕೂಡ ಸಿಗಲ್ಲ.

ಭಾಗ 3/10: ಸಾಕ್ಸ್ ಬದಲು ಹುಲ್ಲು

ಅಲ್ಲಿಂದ ಯೂರೋಪಿನ ತುತ್ತತುದಿಗೆ ಬನ್ನಿ. ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳ ಉತ್ತರ ಭಾಗದಲ್ಲಿ ಸಾಮಿ ಜನ ಇದ್ದಾರೆ, ಹಿಮಸಾರಂಗ ಸಾಕುವವರು. ಅವರ ಬೂಟು ಹಿಮಸಾರಂಗದ ಕಾಲಿನ ಚರ್ಮದ್ದು. ಮುಂಭಾಗ ಮೇಲಕ್ಕೆ ಬಾಗಿರುತ್ತೆ. ಅದು ಚೆಂದಕ್ಕೆ ಮಾತ್ರ ಅಲ್ಲ, ಸ್ಕೀ ಪಟ್ಟಿಗೆ ಕಾಲನ್ನು ಸಿಕ್ಕಿಸೋ ಕೊಕ್ಕೆ ಅದು.

ಒಳಗೆ ಸಾಕ್ಸ್ ಹಾಕುತ್ತಿರಲಿಲ್ಲ. ಬೇಸಿಗೆಯಲ್ಲಿ ಜೌಗು ಜಾಗದ ಒಂದು ಜಾತಿ ಹುಲ್ಲು ಕೊಯ್ದು, ಬಡಿದು ಮೆತ್ತಗೆ ಮಾಡಿ, ಒಣಗಿಸಿ ಕಟ್ಟಿಡುತ್ತಿದ್ದರು. ಚಳಿಗಾಲದಲ್ಲಿ ಆ ಹುಲ್ಲನ್ನು ಕಾಲಿನ ಸುತ್ತ ಬೂಟಿನೊಳಗೆ ತುಂಬೋದು. ಹುಲ್ಲಿನ ಸಂದಿಯಲ್ಲಿ ಗಾಳಿ ನಿಲ್ಲುತ್ತೆ, ಬೆವರನ್ನು ಹುಲ್ಲು ಹೀರುತ್ತೆ. ರಾತ್ರಿ ಅದನ್ನು ಹೊರಗೆ ತೆಗೆದು ಬೆಂಕಿ ಹತ್ತಿರ ಒಣಗಿಸಿದರೆ ಬೆಳಗ್ಗೆಗೆ ಮತ್ತೆ ರೆಡಿ. ಬೂಟಿನ ಬಾಯಿಗೆ ಬಣ್ಣದ ನೇಯ್ದ ಪಟ್ಟಿ ಸುತ್ತಿದರೆ ಹಿಮ ಒಳಗೆ ಬರಲ್ಲ.

ಇಲ್ಲಿ ಎರಡು ಪಾಠ ಇದೆ. ಒಂದು, ಹೊರಗಿನ ಚಿಪ್ಪು ಬೇರೆ, ಒಳಗಿನ ಬೆಚ್ಚನೆ ಪದರ ಬೇರೆ. ಎರಡು, ಆ ಒಳಪದರವನ್ನು ದಿನಾ ತೆಗೆದು ಒಣಗಿಸಲೇಬೇಕು. ಇವೆರಡನ್ನೂ ನೆನಪಿಡಿ, ಭಾಗ 8ರಲ್ಲಿ ಮತ್ತೆ ಬರುತ್ತೆ.

ಭಾಗ 4/10: ಮನೆಗೆಲ್ಲ ಒಂದೇ ಜೊತೆ

ಈಗ ರಷ್ಯಾ. ಅಲ್ಲಿಯ ಬೂಟು ವಾಲೆಂಕಿ. ನಮ್ಮ ಕುರುಬರ ಕಂಬಳಿ ಗೊತ್ತಲ್ಲ? ಅದು ಉಣ್ಣೆಯನ್ನು ನೂತು, ನೇಯ್ದು ಮಾಡಿದ್ದು. ವಾಲೆಂಕಿಯಲ್ಲಿ ನೂಲೂ ಇಲ್ಲ, ನೇಯ್ಗೆಯೂ ಇಲ್ಲ, ಹೊಲಿಗೆಯೂ ಇಲ್ಲ. ಕುರಿಯ ಉಣ್ಣೆಗೆ ಬಿಸಿನೀರು ಹಾಕಿ, ಉಜ್ಜಿ, ಉರುಳಿಸಿ, ಬಡಿದು, ಎಳೆ ಎಳೆ ಒಂದಕ್ಕೊಂದು ಕಚ್ಚಿಕೊಳ್ಳೋ ಹಾಗೆ ಮಾಡಿ, ಮೊಣಕಾಲವರೆಗಿನ ಒಂದೇ ಗಟ್ಟಿ ಬೂಟು ತೆಗೀತಾರೆ.

ಇದಕ್ಕೆ ಉಣ್ಣೆಯೂ ಜಾಸ್ತಿ ಬೇಕು, ಶ್ರಮವೂ ಜಾಸ್ತಿ. ಹಾಗಾಗಿ ದುಬಾರಿ. ಬಡ ರೈತರ ಎಷ್ಟೋ ಮನೆಗಳಲ್ಲಿ ಎಲ್ಲರಿಗೂ ಸೇರಿ ಒಂದೇ ಜೊತೆ ಇರುತ್ತಿತ್ತು. ಸೌದೆಗೆ ಹೋಗೋರು ಹಾಕ್ಕೊಂಡು ಹೋಗಿ ಬಂದು ಬಿಡಬೇಕು, ಆಮೇಲೆ ನೀರಿಗೆ ಹೋಗೋರ ಸರದಿ. ಉಳಿದವರು ಮನೆಯೊಳಗೆ ಒಲೆ ಹತ್ತಿರ. ಅಲ್ಲಿಯ ಒಲೆ ದೊಡ್ಡದು, ಇಟ್ಟಿಗೆಯದು. ಮಕ್ಕಳು, ಮುದುಕರು ಅದರ ಮೇಲೆ ಮಲಗುತ್ತಿದ್ದರು, ವಾಲೆಂಕಿ ಒಣಗುತ್ತಿದ್ದದ್ದೂ ಅಲ್ಲೇ.

ಹೀಗೆ ಹಂಚಿಕೊಳ್ಳೋಕೆ ಬೂಟಿನ ಆಕಾರವೂ ಸಹಾಯ ಮಾಡ್ತು. ಹಳೇ ವಾಲೆಂಕಿಗೆ ಎಡ-ಬಲ ಅನ್ನೋ ಭೇದವೇ ಇಲ್ಲ, ಎರಡೂ ಒಂದೇ. ಸಡಿಲವಾಗಿರೋದರಿಂದ ದೊಡ್ಡ ಕಾಲಿಗೂ ಸಣ್ಣ ಕಾಲಿಗೂ ಹೇಗೋ ನಡೀತಿತ್ತು.

ಕೇಳೋಕೆ ಮುದ್ದಾಗಿದೆ, ಆದರೆ ಇನ್ನೊಂದು ಕಡೆಯಿಂದ ನೋಡಿ. ಬೆಚ್ಚನೆ ಬೂಟು ಇಲ್ಲದವನಿಗೆ ಹೊರಗೆ ಹೋಗೋದು ಕಷ್ಟ. ಒಂದೇ ಜೊತೆ ಇರೋ ಮನೆಯಲ್ಲಿ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಆ ಬೆಚ್ಚನೆ ಬೂಟು. ಸ್ಕೂಲಿಗೆ ಹೋಗೋದು, ಆಟ ಆಡೋದು, ಪಕ್ಕದ ಮನೆಗೆ ಹೋಗಿ ಬರೋದು, ಎಷ್ಟೋ ಸಲ ಆ ಜೊತೆ ಯಾರ ಕಾಲಲ್ಲಿದೆ ಅನ್ನೋದರ ಮೇಲೆ ನಿಂತಿತ್ತು.

ಭಾಗ 5/10: ರಬ್ಬರ್ ಬಂತು

ವಾಲೆಂಕಿಗೆ ಒಂದು ದೌರ್ಬಲ್ಯ ಇತ್ತು. ಗಡಗಡ ನಡುಗಿಸೋ ಒಣ ಚಳಿಗೆ ಅದು ರಾಜ, ಹಿಮ ಕರಗಿ ರಾಡಿ ಆಯ್ತು ಅಂದರೆ ನೀರು ಕುಡಿದು ಕೂರುತ್ತೆ. ಇದಕ್ಕೆ ಉತ್ತರ ರಬ್ಬರ್.

19ನೇ ಶತಮಾನದ ಮೊದಲ ಭಾಗದಲ್ಲೇ ಬ್ರೆಜಿಲ್‌ನಿಂದ ಅಮೆರಿಕಕ್ಕೆ ರಬ್ಬರ್ ಶೂ ಬರ್ತಿತ್ತು. ಆದರೆ ಕಚ್ಚಾ ರಬ್ಬರ್ ಬೇಸಿಗೆಯಲ್ಲಿ ಅಂಟಂಟಾಗಿ ಕರಗೋದು, ಚಳಿಯಲ್ಲಿ ಸೆಟೆದು ಬಿರುಕು ಬಿಡೋದು. ಚಾರ್ಲ್ಸ್ ಗುಡ್‌ಇಯರ್ ಅನ್ನೋನು ವರ್ಷಗಟ್ಟಲೆ ಸಾಲ ಮಾಡಿ ಪ್ರಯೋಗ ಮಾಡಿದ. ಗಂಧಕ ಬೆರೆಸಿ ಕಾಯಿಸಿದರೆ ರಬ್ಬರ್ ಎಲ್ಲ ಹವೆಗೂ ತಡೆಯುತ್ತೆ ಅಂತ ಕಂಡುಕೊಂಡು, 1844ರಲ್ಲಿ ಪೇಟೆಂಟ್ ಪಡೆದ. 1860ರಲ್ಲಿ ಸಾಯುವಾಗಲೂ ಸಾಲದಲ್ಲೇ ಇದ್ದ. ಅವನ ಹೆಸರಿನ ಟಯರ್ ಕಂಪನಿ ಶುರುವಾಗಿದ್ದು 1898ರಲ್ಲಿ, ಅದಕ್ಕೂ ಅವನ ಮನೆಯವರಿಗೂ ಸಂಬಂಧವೇ ಇಲ್ಲ.

ಈ ವಿಧಾನ ಹಿಡಿದು ಹೈರಮ್ ಹಚಿನ್ಸನ್ ಅನ್ನೋ ಅಮೆರಿಕನ್ 1853ರಲ್ಲಿ ಫ್ರಾನ್ಸಿನಲ್ಲಿ ರಬ್ಬರ್ ಬೂಟಿನ ಕಾರ್ಖಾನೆ ಹಾಕಿದ. ಮರದ ಪಾದರಕ್ಷೆಯಲ್ಲೇ ಹೊಲದ ಕೆಲಸ ಮಾಡುತ್ತಿದ್ದ ರೈತರ ಕಾಲು ಒಣಗಿರೋಕೆ ಶುರುವಾಯ್ತು.

ಫಿನ್ಲೆಂಡ್‌ನಲ್ಲಿ 1898ರಲ್ಲಿ ಫಿನ್ನಿಷ್ ರಬ್ಬರ್ ವರ್ಕ್ಸ್ ಹುಟ್ಟಿತು. 1967ರಲ್ಲಿ ಅದು, ಒಂದು ಕೇಬಲ್ ಕಂಪನಿ ಮತ್ತು ಒಂದು ಕಾಗದದ ಕಂಪನಿ ಸೇರಿ ಒಂದಾದವು. ಆ ಕಾಗದದ ಕಂಪನಿಯ ಹೆಸರು ನೋಕಿಯಾ! ಹೌದು, ನಮ್ಮ ಅಪ್ಪಂದಿರ ಜೇಬಲ್ಲಿದ್ದ ಅದೇ ನೋಕಿಯಾ. ಫೋನಿಗಿಂತ ಮೊದಲು ಫಿನ್ಲೆಂಡ್‌ನ ಮನೆಗಳಿಗೆ ಅದು ಗೊತ್ತಿದ್ದದ್ದು ರಬ್ಬರ್ ಬೂಟಿನಿಂದ. 1990ರಲ್ಲಿ ಬೂಟಿನ ವ್ಯವಹಾರವನ್ನು ಬೇರೆ ಕಂಪನಿ ಮಾಡಿದರು.

ಕಾರ್ಖಾನೆಯಲ್ಲಿ ಅಚ್ಚು ಹಾಕಿ ಒಂದೇ ಥರದ ಸಾವಿರಾರು ಜೊತೆ ಮಾಡೋಕೆ ಶುರು ಮಾಡಿದ ಮೇಲೆ ಬೆಲೆ ಇಳಿಯಿತು. ಮನೆಗೊಂದು ಜೊತೆ ತಲೆಗೊಂದು ಜೊತೆ ಆಗೋ ದಾರಿ ತೆರೆದಿದ್ದು ಹೀಗೆ.

ಭಾಗ 6/10: 100ರಲ್ಲಿ 90 ವಾಪಸ್

ಬಿಕಾಂನವರಿಗೆ ಇಷ್ಟ ಆಗೋ ಭಾಗ ಇದು. ಅಮೆರಿಕದ ಮೇನ್ ರಾಜ್ಯದ ಲಿಯಾನ್ ಲಿಯಾನ್‌ವುಡ್ ಬೀನ್ ಬೇಟೆಗೆ ಹೋದಾಗಲೆಲ್ಲ ಕಾಲು ಒದ್ದೆ ಮಾಡಿಕೊಂಡು ಬರ್ತಿದ್ದ. ಪೂರ್ತಿ ಚರ್ಮದ ಬೂಟು ನೀರು ಕುಡಿಯುತ್ತೆ, ಪೂರ್ತಿ ರಬ್ಬರ್ ಭಾರ ಮತ್ತು ಒಳಗೆ ಬೆವರು. ಅವನು ಕೆಳಗೆ ರಬ್ಬರ್, ಮೇಲೆ ಹಗುರ ಚರ್ಮ ಇಟ್ಟು ಎರಡನ್ನೂ ಸೇರಿಸಿ ಹೊಲಿಸಿದ.

1912ರಲ್ಲಿ ಮಾರಾಟ ಶುರು. ಗಿರಾಕಿ ಹುಡುಕಿದ ರೀತಿ ಮಜಾ ಇದೆ. ಹೊರ ರಾಜ್ಯಗಳಿಂದ ಬಂದು ಮೇನ್‌ನಲ್ಲಿ ಬೇಟೆ ಲೈಸೆನ್ಸ್ ತಗೊಂಡವರ ಪಟ್ಟಿ ಹಿಡಿದು, ಅವರಿಗೆಲ್ಲ ಅಂಚೆಯಲ್ಲಿ ಕರಪತ್ರ ಕಳಿಸಿದ. ಸಮಾಧಾನ ಆಗದಿದ್ದರೆ ಹಣ ವಾಪಸ್ ಅಂತ ಮಾತು ಕೊಟ್ಟಿದ್ದ.

ಮೊದಲು ಹೋದ 100 ಜೊತೆಯಲ್ಲಿ 90 ವಾಪಸ್ ಬಂತು! ಚರ್ಮ ಮತ್ತು ರಬ್ಬರ್ ಸೇರೋ ಕಡೆ ಹೊಲಿಗೆ ಕಿತ್ತುಬರುತ್ತಿತ್ತು. ಸೇಲ್ಸ್ ರಿಟರ್ನ್ಸ್ ಅಂತ ಜರ್ನಲ್ ಎಂಟ್ರಿ ಹಾಕೋದು ಸುಲಭ, 90 ಜನಕ್ಕೆ ಕೈಯಿಂದ ದುಡ್ಡು ಕೊಡೋದು ಸುಲಭ ಅಲ್ಲ. ಅವನು ಎಲ್ಲರ ಹಣ ಹಿಂತಿರುಗಿಸಿ, ಸಾಲ ತಂದು, ಬೂಟನ್ನು ಸರಿ ಮಾಡಿ ಮತ್ತೆ ಮಾರಿದ. ಆ ಕಂಪನಿ ಇವತ್ತಿಗೂ ಆ ಬೂಟನ್ನು ಮಾಡುತ್ತೆ. ಕಾಲಮಿತಿ ಇಲ್ಲದೆ ವಾಪಸ್ ತಗೊಳ್ಳೋ ಪದ್ಧತಿಯನ್ನು ಮಾತ್ರ 2018ರಲ್ಲಿ ನಿಲ್ಲಿಸಿ, ಸಾಮಾನ್ಯವಾಗಿ ಒಂದು ವರ್ಷಕ್ಕೆ ಇಳಿಸಿದರು.

ಇನುಯಿಟ್ ಹೆಂಗಸರು ಅರ್ಧ ದಪ್ಪದಲ್ಲೇ ಸೂಜಿ ತಿರುಗಿಸುತ್ತಿದ್ದರಲ್ಲ, ಬೀನ್‌ನ 90 ಜೊತೆ ಸೋತದ್ದೂ ಹೊಲಿಗೆಯಲ್ಲೇ. ಬೂಟು ಕೈಗೆ ತಗೊಂಡರೆ ಮೊದಲು ನೋಡಬೇಕಾದ್ದು ಎರಡು ಭಾಗ ಸೇರೋ ಜಾಗ.

ಭಾಗ 7/10: ಎರಡು ಚಳಿಗಾಲ, ಎರಡು ತಪ್ಪು

1941. ಹಿಟ್ಲರ್‌ನ ಸೇನೆ ಮಾಸ್ಕೋ ಹತ್ತಿರ ನಿಂತಿತ್ತು. ಚಳಿಗೆ ಮುಂಚೆಯೇ ಯುದ್ಧ ಮುಗಿಯುತ್ತೆ ಅಂತ ಲೆಕ್ಕ ಹಾಕಿದ್ದರು. ಸೈನಿಕರ ಬೂಟು ಕಾಲಿನ ಅಳತೆಗೆ ಸರಿಯಾಗಿ ಕೂರೋದು, ಅಟ್ಟೆಗೆ ಕಬ್ಬಿಣದ ಮೊಳೆ. ಮೊಳೆ ನೆಲದ ಚಳಿಯನ್ನು ಸೀದಾ ಕಾಲಿಗೆ ಸಾಗಿಸೋದು. ಬಿಗಿ ಬೂಟಿನಲ್ಲಿ ಇನ್ನೊಂದು ಸಾಕ್ಸ್ ಹಾಕೋಕೂ ಜಾಗ ಇಲ್ಲ. ಎದುರಿಗಿದ್ದ ಸೋವಿಯತ್ ಸೈನಿಕರಿಗೆ ವಾಲೆಂಕಿ ಕೊಟ್ಟಿದ್ದರು, ಕಾಲಿಗೆ ಬಟ್ಟೆ ಸುತ್ತಿಕೊಳ್ಳೋಕೆ ಜಾಗ ಇರೋ ಹಾಗೆ ದೊಡ್ಡ ಸೈಜಿನಲ್ಲಿ. ಆ ಚಳಿಗಾಲದಲ್ಲಿ ಜರ್ಮನ್ ಸೇನೆಯಲ್ಲಿ 1 ಲಕ್ಷಕ್ಕೂ ಹೆಚ್ಚು ಜನರಿಗೆ ಫ್ರಾಸ್ಟ್‌ಬೈಟ್ ಆಯ್ತು. ಫ್ರಾಸ್ಟ್‌ಬೈಟ್ ಅಂದರೆ ಚಳಿಗೆ ಮೈಯ ಜೀವಕೋಶ ಹೆಪ್ಪುಗಟ್ಟೋದು. ಕೆಟ್ಟದಾದರೆ ಬೆರಳು, ಪಾದವನ್ನೇ ಕತ್ತರಿಸಬೇಕಾಗುತ್ತೆ.

1950. ಕೊರಿಯಾ ಯುದ್ಧ, ಚೋಸಿನ್ ಜಲಾಶಯ. ಅಮೆರಿಕನ್ ಸೈನಿಕರ ಕಾಲಲ್ಲಿ ಕೆಳಗೆ ರಬ್ಬರ್, ಮೇಲೆ ಚರ್ಮದ ಬೂಟು, ಬೀನ್‌ನ ಬೂಟಿನ ಜಾತಿಯದೇ. ಹೊರಗಿನ ನೀರು ಒಳಗೆ ಬರಲಿಲ್ಲ. ಆದರೆ ಭಾರ ಹೊತ್ತು ನಡೆಯುವಾಗ ಕಾಲು ಬೆವರುತ್ತಿತ್ತು, ಆ ಬೆವರು ಹೊರಗೂ ಹೋಗಲಿಲ್ಲ. ಕಾವಲಿಗೆ ಅಂತ ನಿಂತ ತಕ್ಷಣ ಅದೇ ಬೆವರು ಒಳಗೇ ಹೆಪ್ಪುಗಟ್ಟುತ್ತಿತ್ತು. ಇಲ್ಲೂ ಸಾವಿರಾರು ಜನ ಫ್ರಾಸ್ಟ್‌ಬೈಟ್‌ಗೆ ಸಿಕ್ಕರು.

ಒಂದು ಸೇನೆಯ ಬೂಟು ಬಿಗಿಯಾಗಿತ್ತು, ಇನ್ನೊಂದರದ್ದು ಒಳಗಿಂದ ಒದ್ದೆಯಾಗಿತ್ತು. ಹೊರಗಿಂದ ನೋಡಿದರೆ ಎರಡೂ ಒಳ್ಳೇ ಗಟ್ಟಿ ಬೂಟುಗಳೇ.

ಭಾಗ 8/10: ಹುಲ್ಲು ವಾಪಸ್ ಬಂತು

ಭಾಗ 3ರ ಪಾಠ ನೆನಪಿದೆಯಾ? ಕೆನಡಾದ ಕಿಚನರ್ ಊರಿನ ಕಾಫ್‌ಮನ್ ರಬ್ಬರ್ ಕಂಪನಿ 1960ರ ದಶಕದಲ್ಲಿ ಸೊರೆಲ್ ಅನ್ನೋ ಬೂಟು ತಂದಿತು. ಕೆಳಗೆ ರಬ್ಬರ್, ಮೇಲೆ ಚರ್ಮ, ಒಳಗೆ ಕೈಯಿಂದ ಎಳೆದು ಹೊರಗೆ ತೆಗೆಯೋಕೆ ಬರೋ ದಪ್ಪ ಫೆಲ್ಟ್ ಒಳಬೂಟು. ಅಂದರೆ ಬೀನ್‌ನ ಬೂಟಿನೊಳಗೆ ವಾಲೆಂಕಿ ಇಟ್ಟ ಹಾಗೆ. ರಾತ್ರಿ ತೆಗೆದು ಒಣಗಿಸೋದು, ಬೆಳಗ್ಗೆ ಮತ್ತೆ ಹಾಕ್ಕೊಳ್ಳೋದು. ಸಾಮಿಗಳ ಹುಲ್ಲಿನ ಕೆಲಸವನ್ನೇ ಇದೂ ಮಾಡಿತು.

ಇಟಲಿಯ ಜಾನ್‌ಕಾರ್ಲೊ ಜನಾಟ್ಟಾ ಇನ್ನೊಂದು ದಾರಿ ಹಿಡಿದ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದ, ಆ ಗಗನಯಾತ್ರಿಗಳ ದಪ್ಪ ಬೂಟು ನೋಡಿ ಇವನು ಮೂನ್ ಬೂಟ್ ಮಾಡಿದ. ಒಳಗೆ ಫೋಮ್, ಹೊರಗೆ ನೈಲಾನ್. ವಿಶೇಷ ಏನಂದರೆ ಇದಕ್ಕೂ ಎಡ-ಬಲ ಇಲ್ಲ! ಸೈಜೂ ಒಂದೊಂದಲ್ಲ, ಮೂರು ನಾಲ್ಕು ಸೈಜಿಗೆ ಸೇರಿ ಒಂದೇ ಬೂಟು. ಅಂಗಡಿಯವನಿಗೆ ಸ್ಟಾಕ್ ಕಮ್ಮಿ, ಮನೆಯವರಿಗೆ ಅಕ್ಕನದ್ದು ತಂಗಿಗೂ ಆಗುತ್ತೆ. ಬಡ ರೈತನ ವಾಲೆಂಕಿಯ ಉಪಾಯವೇ ಇಲ್ಲಿ ಫ್ಯಾಷನ್ ಆಯ್ತು.

ಭಾಗ 9/10: ನಮ್ಮವರೂ ಅಲ್ಲಿದ್ದಾರೆ

ಸ್ನೋ ಬೂಟು ವಿದೇಶಕ್ಕೆ ಹೋಗೋರ ವಿಷಯ ಮಾತ್ರ ಅಂದುಕೊಳ್ಳಬೇಡಿ. 1984ರ ಏಪ್ರಿಲ್‌ನಿಂದ ನಮ್ಮ ಸೇನೆ ಸಿಯಾಚಿನ್ ಹಿಮನದಿಯ ಮೇಲೆ ವರ್ಷಪೂರ್ತಿ ನಿಂತಿದೆ. 2016ರ ಫೆಬ್ರವರಿಯಲ್ಲಿ ಅಲ್ಲಿ 19 ಸಾವಿರ ಅಡಿಗೂ ಎತ್ತರದ ಶಿಬಿರದ ಮೇಲೆ ಹಿಮಕುಸಿತ ಆಯ್ತು. ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕರು, ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದು ಹಿಮಕುಸಿತ, ಬೂಟಿನ ವಿಷಯ ಅಲ್ಲ. ಅಷ್ಟು ಎತ್ತರದಲ್ಲಿ ಕಾವಲು ನಿಲ್ಲೋರಲ್ಲಿ ನಮ್ಮ ಊರಿನವರೂ ಇದ್ದಾರೆ ಅಂತ ನಮಗೆಲ್ಲ ಗೊತ್ತಾದದ್ದು ಅವತ್ತು.

ಬೂಟಿನ ವಿಷಯ ಇರೋದು ಬೇರೆ ಕಾಗದದಲ್ಲಿ. ಸಿಎಜಿ, ಅಂದರೆ ನಾವು ಆಡಿಟಿಂಗ್‌ನಲ್ಲಿ ಓದೋ ಮಹಾಲೇಖಪಾಲರ ವರದಿಯೊಂದು 2020ರಲ್ಲಿ ಸಂಸತ್ತಿನ ಮುಂದೆ ಬಂತು. 2015ರ ನವೆಂಬರ್‌ನಿಂದ 2016ರ ಸೆಪ್ಟೆಂಬರ್‌ವರೆಗೆ ಎತ್ತರದ ಪ್ರದೇಶದ ಸೈನಿಕರಿಗೆ ಕೊಡೋ ಒಂದು ಬಗೆಯ ಬೂಟು ಪೂರೈಕೆಯೇ ಆಗಲಿಲ್ಲ, ಇದ್ದ ಬೂಟುಗಳನ್ನೇ ಮರುಬಳಕೆ ಮಾಡಬೇಕಾಯಿತು ಅಂತ ಅದರಲ್ಲಿದೆ. ಆಡಿಟ್ ಅಂದರೆ ಬರೀ ಟಿಕ್ ಹಾಕೋ ಕೆಲಸ ಅಂತ ಕ್ಲಾಸಲ್ಲಿ ತಮಾಷೆ ಮಾಡ್ತೀವಿ. ಸ್ಟಾಕ್ ಇದೆಯಾ ಇಲ್ಲವಾ ಅನ್ನೋ ಒಂದು ಸಾಲು ಯಾರದೋ ಕಾಲಿನ ಪ್ರಶ್ನೆ.

ಭಾಗ 10/10: ಹಾಗಾದರೆ ಐದು ಜೊತೆ ಹೇಗೆ ಆರಿಸೋದು?

ಇಷ್ಟು ಇತಿಹಾಸ ಓದಿದ ಮೇಲೆ ಅಂಗಡಿಯ ಮೂರು ಸಾಲನ್ನು ಮರೆತುಬಿಡಿ. ಮನೆಯಲ್ಲಿ ಯಾರ ದಿನ ಹೇಗಿರುತ್ತೆ ಅಂತ ಬರೆದುಕೊಳ್ಳಿ.

ಬಸ್ ಸ್ಟಾಪಲ್ಲಿ ಕಾಯೋರಿಗೆ, ಪಾರ್ಕಲ್ಲಿ ಮಗುವನ್ನು ನೋಡ್ತಾ ನಿಲ್ಲೋರಿಗೆ ಎಲ್ಲಕ್ಕಿಂತ ಬೆಚ್ಚನೆ ಬೂಟು, ತೆಗೆಯೋಕೆ ಬರೋ ದಪ್ಪ ಒಳಪದರ ಇರೋದು. ನಿಂತ ಕಾಲು ಅಷ್ಟಾಗಿ ಬಿಸಿ ಹುಟ್ಟಿಸಲ್ಲ. ಕೆಲಸಕ್ಕೆ ಬಿರಬಿರ ನಡೆದು ಹೋಗೋರಿಗೆ ಅಷ್ಟು ದಪ್ಪ ಬೇಡ, ಬೆವರಿ ಒದ್ದೆಯಾಗುತ್ತೆ. ಬಹುಪಾಲು ಮನೆಗಳಲ್ಲಿ ದುಬಾರಿ ಜೊತೆ ಕೆಲಸಕ್ಕೆ ಹೋಗೋರಿಗೆ, ಉಳಿದದ್ದು ಅಜ್ಜಿಗೆ. ಇದು ಉಲ್ಟಾ ಆಗಬೇಕು.

ಅಜ್ಜಿಗೆ ಬೆಚ್ಚಗಿರೋದರ ಜೊತೆಗೆ ಅಟ್ಟೆಯ ಹಿಡಿತವೂ ಮುಖ್ಯ. 2016ರಲ್ಲಿ ಟೊರಾಂಟೊದ ಸಂಶೋಧಕರು 98 ಬಗೆಯ ಬೂಟುಗಳನ್ನು ಮಂಜುಗಡ್ಡೆಯ ಇಳಿಜಾರಿನ ಮೇಲೆ ನಡೆಸಿ ನೋಡಿದರು. 90%ಗೂ ಹೆಚ್ಚು ಬೂಟು ಫೇಲ್! ದಪ್ಪ ಹಲ್ಲಿನ ಅಟ್ಟೆ ಹಿಮದಲ್ಲಿ ಹಿಡಿದೀತು, ಮಂಜುಗಡ್ಡೆಯ ಮೇಲೆ ಹಿಡಿಯುತ್ತೆ ಅಂತ ಗ್ಯಾರಂಟಿ ಇಲ್ಲ. ಅಲ್ಲಿ ಬೇಕಾಗೋದು ಚಳಿಗೂ ಸೆಟೆಯದ ಮೆತ್ತನೆ ರಬ್ಬರ್.

ಮಕ್ಕಳಿಗೆ ಹೆಬ್ಬೆರಳ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಬಿಡಿ. ಎರಡು ವರ್ಷಕ್ಕೆ ಆಗಲಿ ಅಂತ ದೊಡ್ಡದು ತಂದರೆ ಎಡವಿ ಬೀಳ್ತಾರೆ. ದೊಡ್ಡ ಮಗುವಿನದ್ದು ಚಿಕ್ಕದಕ್ಕೆ ಬರೋದು ಒಳ್ಳೇದೇ, ಆದರೆ ರಬ್ಬರ್ ಬಿರುಕು ಬಿಟ್ಟಿದೆಯಾ, ಒಳಪದರ ಅದುಮಿ ತೆಳ್ಳಗಾಗಿದೆಯಾ ಅಂತ ನೋಡಿ. ತೆಳ್ಳಗಾಗಿದ್ದರೆ ಒಳಪದರ ಮಾತ್ರ ಹೊಸದು ತಂದರೆ ಸಾಕು.

ಎಲ್ಲರಿಗೂ: ಚಳಿಗಾಲದಲ್ಲಿ ಹಾಕೋ ಉಣ್ಣೆ ಸಾಕ್ಸ್ ಹಾಕ್ಕೊಂಡೇ ಬೂಟು ನೋಡಿ. ಬೆರಳು ಒಳಗೆ ಸಲೀಸಾಗಿ ಆಡಬೇಕು. ಹತ್ತಿ ಸಾಕ್ಸ್ ಬೇಡ, ಬೆವರು ಹಿಡಿದು ಕೂರುತ್ತೆ. ಡಬ್ಬದ ಮೇಲೆ ಬರೆದ ಮೈನಸ್ ಡಿಗ್ರಿಯನ್ನು ಪೂರ್ತಿ ನಂಬಬೇಡಿ, ಎಲ್ಲ ಕಂಪನಿಗೂ ಒಂದೇ ಅಳತೆಗೋಲು ಇಲ್ಲ. ರಾತ್ರಿ ಒಳಪದರ ತೆಗೆದು ಒಣಗಿಸೋದು ತಪ್ಪಿಸಬೇಡಿ.

ದುಡ್ಡು ಕಮ್ಮಿ ಇದ್ದು ಈ ತಿಂಗಳು ಎರಡೇ ಜೊತೆ ಒಳ್ಳೇದು ತಗೊಳ್ಳೋಕೆ ಆಗುತ್ತೆ ಅಂದರೆ, ಬೂಟಿಲ್ಲದೆ ಮನೆಯೊಳಗೇ ಉಳಿದುಬಿಡೋರು ಯಾರು ಅಂತ ಮೊದಲು ಕೇಳಿಕೊಳ್ಳಿ. ಕೆಲಸಕ್ಕೆ ಹೋಗೋರು ಹೇಗೋ ದಾರಿ ಮಾಡ್ಕೊಳ್ತಾರೆ. ಅಜ್ಜಿ, ಮಗು ಯಾರನ್ನೂ ಕೇಳಲ್ಲ, ಸುಮ್ಮನೆ ಕಿಟಕಿ ಹತ್ತಿರ ಕೂತು ನಾಲ್ಕು ತಿಂಗಳು ಕಳೀತಾರೆ. ಮೊದಲ ಜೊತೆ ಅವರದ್ದಾಗಲಿ.

ಈ ಡಿಸೆಂಬರ್‌ಗೆ ಹಿಮದ ಊರಲ್ಲಿ ಇರೋರು ನಿಮ್ಮ ಮನೆಯಲ್ಲಿ ಯಾರಾದ್ರೂ ಇದ್ದರೆ ಇದನ್ನು ಕಳಿಸಿ. ಅಲ್ಲೇ ಇದ್ದು ಓದ್ತಿರೋರು ನಿಮ್ಮ ಮೊದಲ ಬೂಟಿನ ಅನುಭವ ಕಾಮೆಂಟಲ್ಲಿ ಬರೀರಿ.

#ಕನ್ನಡದಲ್ಲಿ_ಇತಿಹಾಸ #ಸ್ನೋಬೂಟು #ಬಿಕಾಂ_ಹುಡುಗರು